ಸೇಂಟ್ ನಜೇರ್ ದಾಳಿ: ಒಂದು ಉಕ್ಕಿನ ಬಾಗಿಲಿಗಾಗಿ ಇಷ್ಟು ಜೀವಗಳೇ?

ಪ್ರಶ್ನೆ: 1942ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಕಮಾಂಡೋಗಳು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ಸೇಂಟ್ ನಜೇರ್ ಬಂದರಿನ ಮೇಲೆ ನಡೆಸಿದ ದಾಳಿಯ ಬಗ್ಗೆ ಓದಿದೆ. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು ಇಲ್ಲವೇ ಸೆರೆಸಿಕ್ಕರು. ಆದರೂ ಅದನ್ನು ದೊಡ್ಡ ಯಶಸ್ಸೆಂದು ಕೊಂಡಾಡುತ್ತಾರೆ. ಹಡಗುಕಟ್ಟೆಯ ಬಾಗಿಲೊಂದನ್ನು ಒಡೆಯಲು ವಿಮಾನಗಳು ಸಾಕಾಗುತ್ತಿರಲಿಲ್ಲವೇ? ಸ್ಫೋಟಕ ತುಂಬಿದ ಹಡಗು ಬೆಳಗಾಗುವವರೆಗೂ ಕಣ್ಣೆದುರೇ ನಿಂತಿದ್ದಾಗ ಜರ್ಮನ್ನರಿಗೆ ಅದು ಹೇಗೆ ತಿಳಿಯಲಿಲ್ಲ? ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆ ಹೇಗೂ ಅಟ್ಲಾಂಟಿಕ್ಕಿಗೆ ಬರಲೇ ಇಲ್ಲವಾದ್ದರಿಂದ ಈ ದಾಳಿಯೇ ಅನಗತ್ಯವಾಗಿತ್ತು ಎನ್ನಬಹುದೇ? ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸನ್ನು ಒಂದೇ ದಾಳಿಗೆ ಐವರಿಗೆ ಕೊಟ್ಟದ್ದು ಅತಿಯಾಗಲಿಲ್ಲವೇ?

ಉತ್ತರ: ದಾಳಿ ತನ್ನ ಮುಖ್ಯ ಗುರಿಯನ್ನು ಪೂರ್ತಿಯಾಗಿ ಸಾಧಿಸಿತು, ಅದರಲ್ಲಿ ವಿವಾದವಿಲ್ಲ. ಹಾಗೆಂದು ನಿಮ್ಮ ಅನುಮಾನವೂ ನಿರಾಧಾರವಲ್ಲ. ಈ ದಾಳಿಯನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ: ಯಶಸ್ಸು ಮತ್ತು ಸಾವುನೋವು ಬಂದದ್ದು ಒಂದೇ ಯೋಜನೆಯ ಎರಡು ಬೇರೆ ಬೇರೆ ಭಾಗಗಳಿಂದ. ಗೆಲುವನ್ನು ತಂದುಕೊಟ್ಟದ್ದು ಒಂದು ಹಳೆಯ ಹಡಗು ಮತ್ತು ಅದರಿಂದ ಇಳಿದ ಕೆಲವೇ ತಂಡಗಳು. ಜೀವಗಳನ್ನು ನುಂಗಿದ್ದು ಹೆಚ್ಚಾಗಿ ಆ ಹಡಗಿನ ಜೊತೆಗೆ ಹೋದ ಮರದ ದೋಣಿಗಳು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿದರೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ.

ಮೊದಲು ಆ ಬಾಗಿಲಿನ ವಿಷಯ. ಸೇಂಟ್ ನಜೇರ್ ಊರು ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಲ್ಲಿ, ಲ್ವಾರ್ ನದಿಯ ಅಳಿವೆಯ ಉತ್ತರ ದಂಡೆಯ ಮೇಲಿದೆ. ಅಲ್ಲಿಯೇ ನಿರ್ಮಾಣವಾದ ನಾರ್ಮಂಡಿ ಎಂಬ ಭಾರೀ ಪ್ರಯಾಣಿಕ ಹಡಗಿಗಾಗಿ 1932ರಲ್ಲಿ ಒಂದು ಡ್ರೈ ಡಾಕ್ ಸಿದ್ಧವಾಯಿತು. ಅದರ ಉದ್ದ 350 ಮೀಟರ್, ಅಗಲ 50 ಮೀಟರ್. ಹಡಗು ಒಳಗೆ ಬಂದ ಮೇಲೆ ಎರಡೂ ತುದಿಗಳ ಬಾಗಿಲು ಮುಚ್ಚಿ, ಪಂಪುಗಳಿಂದ ನೀರನ್ನೆಲ್ಲ ಹೊರಹಾಕಿದರೆ, ಕೆಲಸಗಾರರು ಒಣನೆಲದ ಮೇಲೆ ನಿಂತು ಹಡಗಿನ ತಳವನ್ನು ದುರಸ್ತಿ ಮಾಡಬಹುದು. ಬಾಗಿಲು ಎಂದೊಡನೆ ಕೀಲುಗಳ ಮೇಲೆ ತಿರುಗುವ ಎರಡು ಕದಗಳನ್ನು ಕಲ್ಪಿಸಿಕೊಳ್ಳಬಾರದು. ಇವು ಕೈಸನ್ ಎಂದು ಕರೆಯಲಾಗುವ ಉಕ್ಕಿನ ಟೊಳ್ಳು ಪೆಟ್ಟಿಗೆಗಳು. ಒಂದೊಂದೂ ಸುಮಾರು 51 ಮೀಟರ್ ಉದ್ದ, 16 ಮೀಟರ್ ಎತ್ತರ, 11 ಮೀಟರ್ ದಪ್ಪ. ಪಕ್ಕದ ಯಂತ್ರಮನೆಯಲ್ಲಿದ್ದ ದೊಡ್ಡ ಚಕ್ರಗಳು ಇವನ್ನು ಉರುಳೆಗಳ ಮೇಲೆ ಅಡ್ಡಕ್ಕೆ ಎಳೆದು ದಂಡೆಯೊಳಗಿನ ಪೊಟರೆಗೆ ಸೇರಿಸುತ್ತಿದ್ದವು. ಹನ್ನೊಂದು ಮೀಟರ್ ದಪ್ಪದ ಇಂತಹ ಪೆಟ್ಟಿಗೆಯನ್ನು ಸರಿಪಡಿಸಲಾಗದಂತೆ ಒಡೆಯುವುದು ಸಣ್ಣ ಕೆಲಸವಲ್ಲ. ದಾಳಿಯ ಸ್ವರೂಪವನ್ನು ನಿರ್ಧರಿಸಿದ್ದೇ ಈ ದಪ್ಪ. (ಆ ಡಾಕ್ ಯಾವ ಹಡಗಿಗಾಗಿ ಹುಟ್ಟಿತೋ ಆ ನಾರ್ಮಂಡಿ, ದಾಳಿಗೆ ಏಳು ವಾರಗಳ ಹಿಂದಷ್ಟೇ, ನ್ಯೂಯಾರ್ಕ್ ಬಂದರಿನಲ್ಲಿ ಬೆಂಕಿಗೆ ಸಿಕ್ಕಿ ಮಗುಚಿಬಿದ್ದಿತ್ತು.)

ಅಟ್ಲಾಂಟಿಕ್ ತೀರದುದ್ದಕ್ಕೂ ಜರ್ಮನ್ನರ ಹಿಡಿತದಲ್ಲಿದ್ದ ಬಂದರುಗಳಲ್ಲಿ ಟಿರ್ಪಿಟ್ಸ್‌ನಷ್ಟು ದೊಡ್ಡ ಯುದ್ಧನೌಕೆ ಹಿಡಿಸುವ ಡ್ರೈ ಡಾಕ್ ಇದ್ದದ್ದು ಇದೊಂದೇ. ಅದರ ಬೆಲೆ ಏನೆಂಬುದು ಬ್ರಿಟಿಷ್ ನೌಕಾಪಡೆಗೆ 1941ರ ಮೇ ತಿಂಗಳಲ್ಲೇ ಅರ್ಥವಾಗಿತ್ತು. ಟಿರ್ಪಿಟ್ಸ್‌ನ ಜೋಡಿ ನೌಕೆಯಾದ ಬಿಸ್ಮಾರ್ಕ್, ಹುಡ್ ಎಂಬ ಬ್ರಿಟಿಷ್ ನೌಕೆಯನ್ನು ಮುಳುಗಿಸಿ, ತಾನೂ ಪೆಟ್ಟು ತಿಂದು ಇಂಧನ ಸೋರಿಸಿಕೊಳ್ಳುತ್ತ ಫ್ರಾನ್ಸಿನ ಕಡೆಗೆ ಧಾವಿಸುತ್ತಿದ್ದಾಗ ಅದರ ಗುರಿ ಸೇಂಟ್ ನಜೇರ್‌ನ ಈ ಡಾಕ್ ಆಗಿತ್ತು. ಮೇ 27ರಂದು ಅದು ದಾರಿಯಲ್ಲೇ ಮುಳುಗಿತು. ಟಿರ್ಪಿಟ್ಸ್ ಮಾತ್ರ ಉಳಿದಿತ್ತು. 1942ರ ಜನವರಿಯಲ್ಲಿ ನಾರ್ವೆಗೆ ಬಂದು ನೆಲೆಯೂರಿತ್ತು. ಅದು ಅಟ್ಲಾಂಟಿಕ್ಕಿಗೆ ನುಗ್ಗಿ ಬ್ರಿಟನ್ನಿನ ಸರಕು ಹಡಗುಗಳ ಮೇಲೆ ಎರಗಬಹುದು ಎಂಬ ಭಯ ಕೇವಲ ಕಲ್ಪನೆಯಾಗಿರಲಿಲ್ಲ. ಆದರೆ ಅಂತಹ ನೌಕೆ ಹೊರಗೆ ಬಂದ ಮೇಲೆ ಗಾಯಗೊಂಡರೆ ಹೋಗಿ ಸೇರಲು ಒಂದು ಜಾಗ ಬೇಕು. ಆ ಜಾಗವನ್ನೇ ಇಲ್ಲವಾಗಿಸುವುದು ಬ್ರಿಟಿಷರ ಲೆಕ್ಕಾಚಾರ.

ವಿಮಾನಗಳಿಂದ ಈ ಕೆಲಸ ಏಕೆ ಆಗುತ್ತಿರಲಿಲ್ಲ? ಅಂದಿನ ಬಾಂಬರ್ ವಿಮಾನಗಳ ನಿಖರತೆಯನ್ನು ಇಂದಿನ ಕಣ್ಣಿನಿಂದ ಅಳೆಯಬಾರದು. 1941ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಕೆಯಾದ ಬಟ್ ವರದಿ, ವಿಮಾನಗಳು ತೆಗೆದ ಛಾಯಾಚಿತ್ರಗಳನ್ನೇ ಪರಿಶೀಲಿಸಿ ಒಂದು ಕಹಿ ಸತ್ಯವನ್ನು ಹೊರಗಿಟ್ಟಿತ್ತು: ಗುರಿಯ ಮೇಲೆ ಬಾಂಬ್ ಹಾಕಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ತಲುಪಿತ್ತು. ಐದು ಮೈಲಿಯ ಲೆಕ್ಕದಲ್ಲಿ ಹನ್ನೊಂದು ಮೀಟರ್ ದಪ್ಪದ ಗುರಿಯನ್ನು ಹುಡುಕುವುದು ಹೇಗೆ? ಮೇಲಾಗಿ ಬಂದರಿನ ಸುತ್ತ ಫ್ರೆಂಚ್ ಜನರ ಮನೆಗಳು ಒತ್ತೊತ್ತಾಗಿದ್ದವು. ರಹಸ್ಯ ಕಾರ್ಯಕರ್ತರನ್ನು ಕಳುಹಿಸಿ ಒಡೆಸುವ ಯೋಚನೆಯೂ ಬಂದುಹೋಯಿತು. ಬೇಕಾದಷ್ಟು ಸ್ಫೋಟಕವನ್ನು ಹೊತ್ತು ಸಾಗಿಸುವುದು ಕೆಲವೇ ಜನರಿಂದ ಆಗದ ಮಾತು. ಟನ್ನುಗಟ್ಟಲೆ ಸ್ಫೋಟಕವನ್ನು ಬಾಗಿಲಿನ ಮೈಗೇ ಒತ್ತಿ ಇಡಬೇಕಾಗಿದ್ದರೆ, ಅದನ್ನು ಹೊತ್ತು ತರಲು ಹಡಗೊಂದೇ ಸಾಧನ.

ಯೋಜನೆ ರೂಪುಗೊಂಡದ್ದು ಸಂಯುಕ್ತ ಕಾರ್ಯಾಚರಣೆಗಳ ಪ್ರಧಾನ ಕಚೇರಿಯಲ್ಲಿ. ಆಗ ಅದರ ಮುಖ್ಯಸ್ಥ, ಐದು ವರ್ಷಗಳ ನಂತರ ಭಾರತದ ಕೊನೆಯ ವೈಸ್‌ರಾಯ್ ಆಗಿ ಬಂದ ಲಾರ್ಡ್ ಮೌಂಟ್‌ಬ್ಯಾಟನ್. ಆಪರೇಷನ್ ಚಾರಿಯಟ್ ಎಂಬ ಹೆಸರಿನ ಈ ಯೋಜನೆ ಮೊದಲು ಎರಡು ಡಿಸ್ಟ್ರಾಯರ್ ನೌಕೆಗಳನ್ನು (ವೇಗವಾಗಿ ಸಾಗುವ ಯುದ್ಧಹಡಗುಗಳನ್ನು) ಕೇಳಿತ್ತು: ಒಂದು ಬಾಗಿಲಿಗೆ ಡಿಕ್ಕಿ ಹೊಡೆಯಲು, ಇನ್ನೊಂದು ಇಳಿದ ಜನರನ್ನು ಹತ್ತಿಸಿಕೊಂಡು ಮರಳಲು. ನೌಕಾ ಇಲಾಖೆ ಕೊಟ್ಟದ್ದು ಒಂದನ್ನು ಮಾತ್ರ. ಎರಡನೆಯದರ ಬದಲು ಸಣ್ಣ ಮೋಟಾರ್ ಲಾಂಚ್‌ಗಳ ಗುಂಪು ಬಂತು. ನನ್ನ ದೃಷ್ಟಿಯಲ್ಲಿ ಆ ರಾತ್ರಿಯ ಸಾವುನೋವಿನ ದೊಡ್ಡ ಪಾಲು ನಿರ್ಧಾರವಾದದ್ದು ಗುಂಡು ಹಾರುವ ಮೊದಲೇ, ಕಾಗದದ ಮೇಲೆ ನಡೆದ ಈ ಬದಲಾವಣೆಯಲ್ಲಿ.

ಕೊಟ್ಟ ಡಿಸ್ಟ್ರಾಯರ್ ಕ್ಯಾಂಬೆಲ್‌ಟೌನ್. ಅದು ಮೂಲತಃ ಬ್ಯುಕ್ಯಾನನ್ ಎಂಬ ಹೆಸರಿನ ಅಮೆರಿಕನ್ ನೌಕೆ. ಸೇನಾನೆಲೆಗಳಿಗೆ ಬದಲಾಗಿ 1940ರಲ್ಲಿ ಅಮೆರಿಕ ಬ್ರಿಟನ್ನಿಗೆ ಕೊಟ್ಟ ಐವತ್ತು ಹಳೆಯ ಡಿಸ್ಟ್ರಾಯರ್‌ಗಳಲ್ಲಿ ಒಂದು. ಡೆವನ್‌ಪೋರ್ಟ್‌ನಲ್ಲಿ ಅದರ ರೂಪವನ್ನೇ ಬದಲಿಸಲಾಯಿತು. ನಾಲ್ಕು ಹೊಗೆಗೊಳವೆಗಳಲ್ಲಿ ಎರಡನ್ನು ತೆಗೆದು, ಉಳಿದ ಎರಡನ್ನು ಓರೆಯಾಗಿ ಕತ್ತರಿಸಿ, ದೂರದಿಂದ ಜರ್ಮನ್ ಟಾರ್ಪಿಡೊ ನೌಕೆಯಂತೆ ಕಾಣುವ ಹಾಗೆ ಮಾಡಿದರು. ಬೇಡದ ಭಾರವನ್ನೆಲ್ಲ ಕಳಚಿ ಹಗುರಗೊಳಿಸಿದರು. ಚುಕ್ಕಾಣಿ ಹಿಡಿಯುವ ಮನೆಗೆ ಉಕ್ಕಿನ ತಗಡು ಹೊದಿಸಿದರು. ಇನ್ನು ಸ್ಫೋಟಕ: ಜಲಾಂತರ್ಗಾಮಿಗಳ ವಿರುದ್ಧ ಬಳಸುವ 24 ಡೆಪ್ತ್ ಚಾರ್ಜ್‌ಗಳನ್ನು, ಅಂದರೆ ನಾಲ್ಕು ಟನ್ನಿಗೂ ಹೆಚ್ಚು ಮದ್ದನ್ನು, ಹಡಗಿನ ಮುಂಭಾಗದಲ್ಲಿ ಫಿರಂಗಿಯ ಕಂಬದ ಹಿಂದೆ ಒಟ್ಟಿಗೆ ಇಟ್ಟು, ಸುತ್ತ ಉಕ್ಕು ಮತ್ತು ಕಾಂಕ್ರೀಟಿನ ಗೋಡೆ ಎಬ್ಬಿಸಿದರು. ಈ ಜಾಗದ ಆಯ್ಕೆಯಲ್ಲಿ ಬಹಳ ಯೋಚನೆಯಿದೆ. ತೀರ ಮೂತಿಯಲ್ಲಿಟ್ಟರೆ ಡಿಕ್ಕಿಯಲ್ಲೇ ನಜ್ಜುಗುಜ್ಜಾಗುತ್ತದೆ. ಬಹಳ ಹಿಂದಿಟ್ಟರೆ ಬಾಗಿಲಿನಿಂದ ದೂರವಾಗುತ್ತದೆ. ಮೂತಿ ಎಷ್ಟು ಅಡಿ ಮುದುಡಬಹುದೆಂದು ಅಂದಾಜಿಸಿ, ಮುದುಡಿದ ಮೇಲೆ ಮದ್ದು ಬಾಗಿಲಿನ ಪಕ್ಕಕ್ಕೇ ಬರುವಂತೆ ಅದನ್ನು ಇಟ್ಟವರು ಲೆಫ್ಟಿನೆಂಟ್ ನೈಜೆಲ್ ಟಿಬಿಟ್ಸ್ ಎಂಬ ನೌಕಾ ಸ್ಫೋಟಕ ತಜ್ಞ. ಮದ್ದಿಗೆ ಜೋಡಿಸಿದ್ದು ಪೆನ್ಸಿಲಿನಾಕಾರದ ಕಾಲವಿಳಂಬ ಫ್ಯೂಸ್‌ಗಳನ್ನು. ಅವುಗಳಲ್ಲಿ ಗಡಿಯಾರವಿಲ್ಲ, ರಾಸಾಯನಿಕವೊಂದು ಒಳಗಿನ ತಡೆಯನ್ನು ನಿಧಾನವಾಗಿ ಕರಗಿಸಿ ಮುಗಿಸಿದಾಗ ಮದ್ದನ್ನು ಸಿಡಿಸುವ ಸೂಜಿ ಬಿಡುಗಡೆಯಾಗುತ್ತದೆ. ಹವೆ ತಣ್ಣಗಿದ್ದರೆ ಕರಗುವಿಕೆ ನಿಧಾನ. ಈ ಅಂಶ ಮುಂದೆ ಬೇಕಾಗುತ್ತದೆ.

ನೌಕಾ ತುಕಡಿಯ ನಾಯಕ ಕಮಾಂಡರ್ ರಾಬರ್ಟ್ ರೈಡರ್, ಹಿಂದೆ ಅಂಟಾರ್ಕ್ಟಿಕ್ ಅನ್ವೇಷಣೆಯೊಂದರ ಹಡಗಿನ ಕಪ್ತಾನನಾಗಿದ್ದವರು. ಕಮಾಂಡೋಗಳ ನಾಯಕ ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ನ್ಯೂಮನ್, ಯುದ್ಧಕ್ಕೆ ಮುಂಚೆ ಕಟ್ಟಡ ಗುತ್ತಿಗೆಯ ವೃತ್ತಿಯಲ್ಲಿದ್ದವರು. ಕ್ಯಾಂಬೆಲ್‌ಟೌನ್‌ನ ಕಪ್ತಾನ ಲೆಫ್ಟಿನೆಂಟ್ ಕಮಾಂಡರ್ ಸ್ಟೀಫನ್ ಬೀಟಿ. ಎಲ್ಲ ಸೇರಿ ಹೊರಟವರು ಸುಮಾರು 610 ಮಂದಿ. ಅವರಲ್ಲಿ ಕಮಾಂಡೋಗಳು 260ಕ್ಕೂ ಹೆಚ್ಚು, ಉಳಿದವರು ನಾವಿಕರು. ಬೆಂಗಾವಲಿಗೆ ಎರಡು ಡಿಸ್ಟ್ರಾಯರ್‌ಗಳು ಬಂದರೂ ಅವು ಅಳಿವೆಯ ಹೊರಗೇ ನಿಲ್ಲಬೇಕಾಗಿತ್ತು. ಅಳಿವೆಯೊಳಗೆ ನುಗ್ಗಬೇಕಾಗಿದ್ದದ್ದು ಕ್ಯಾಂಬೆಲ್‌ಟೌನ್, ಒಂದು ಗನ್‌ಬೋಟ್, ಒಂದು ಟಾರ್ಪಿಡೊ ದೋಣಿ ಮತ್ತು ಹದಿನಾರು ಮೋಟಾರ್ ಲಾಂಚ್‌ಗಳು.

ಮಾರ್ಚ್ 26ರ ಮಧ್ಯಾಹ್ನ ಫಾಲ್ಮತ್ ಬಂದರಿನಿಂದ ಹೊರಟ ಈ ಪಡೆಗೆ ಮರುದಿನ ಬೆಳಗ್ಗೆ ಯು-593 ಎಂಬ ಜರ್ಮನ್ ಜಲಾಂತರ್ಗಾಮಿ ಎದುರಾಯಿತು. ಬೆಂಗಾವಲಿನ ಡಿಸ್ಟ್ರಾಯರ್ ಅದನ್ನು ನೀರಿನಡಿಗೆ ಅಟ್ಟಿತು. ಮಧ್ಯಾಹ್ನ ಮೇಲೆ ಬಂದ ಜಲಾಂತರ್ಗಾಮಿ ತಾನು ಕಂಡದ್ದನ್ನು ವರದಿ ಮಾಡಿತು, ಆದರೆ ಹಡಗುಗಳು ಪಶ್ಚಿಮಕ್ಕೆ ಹೋಗುತ್ತಿವೆ ಎಂದು ತಪ್ಪಾಗಿ ತಿಳಿಸಿತು. ಫಲವಾಗಿ ಅಂದು ಸೇಂಟ್ ನಜೇರ್‌ನಲ್ಲಿದ್ದ ಐದು ಜರ್ಮನ್ ಟಾರ್ಪಿಡೊ ನೌಕೆಗಳು ಅವನ್ನು ಹುಡುಕಿಕೊಂಡು ಸಮುದ್ರಕ್ಕೆ ಹೋದವು. ದಾಳಿಕೋರರ ಅದೃಷ್ಟವೆಂದರೆ ಇದು. ಅವು ಬಂದರಿನಲ್ಲೇ ಇದ್ದಿದ್ದರೆ ಕ್ಯಾಂಬೆಲ್‌ಟೌನ್ ಬಾಗಿಲನ್ನು ಮುಟ್ಟುತ್ತಿತ್ತೆಂದು ನಾನು ನಂಬಲಾರೆ. ಅದೇ ದಿನ ಜರ್ಮನ್ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಡ್ಯೋನಿಟ್ಸ್ ಆ ಊರಿನಲ್ಲೇ ಇದ್ದು, ಇಂಗ್ಲಿಷರು ದಾಳಿ ಮಾಡಿದರೆ ಏನು ಮಾಡುತ್ತೀರಿ ಎಂದು ಸ್ಥಳೀಯ ತುಕಡಿಯ ಅಧಿಕಾರಿಯನ್ನು ಕೇಳಿದರಂತೆ. ಅಂತಹ ದಾಳಿಯ ಸಂಭವವೇ ಇಲ್ಲವೆಂಬ ಉತ್ತರ ಬಂದಾಗ, ನಾನಾಗಿದ್ದರೆ ಅಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ ಎಂದು ಡ್ಯೋನಿಟ್ಸ್ ಹೇಳಿದರೆಂಬುದು ಪ್ರಚಲಿತ ಮಾತು.

ಅಳಿವೆಯಲ್ಲಿ ದೊಡ್ಡ ಹಡಗುಗಳು ಸಾಗುವ ಆಳದ ಕಾಲುವೆ ಉತ್ತರ ದಂಡೆಗೆ ಒತ್ತಿಕೊಂಡಿದೆ. ದಂಡೆಯ ಮೇಲೆ ಸಾಲುಸಾಲು ಫಿರಂಗಿಗಳಿದ್ದವು. ಆ ದಾರಿಯಲ್ಲಿ ಹೋಗುವುದು ಆತ್ಮಹತ್ಯೆ. ಹಾಗಾಗಿ ಹುಣ್ಣಿಮೆಯ ಆಸುಪಾಸಿನ ಮಹಾ ಉಬ್ಬರದ ರಾತ್ರಿಯನ್ನು ಆರಿಸಿಕೊಂಡು, ನಡುವಿನ ಮರಳುದಿಣ್ಣೆಗಳ ಮೇಲಿಂದಲೇ ಹಡಗನ್ನು ತೇಲಿಸಿಕೊಂಡು ಬಂದರು. ಹಡಗನ್ನು ಹಗುರಗೊಳಿಸಿದ್ದು ಇದಕ್ಕೇ. ಆದರೂ ಅದರ ತಳ ಎರಡು ಬಾರಿ ಮರಳಿಗೆ ಉಜ್ಜಿತು; ನಿಲ್ಲಲಿಲ್ಲ. ಇತ್ತ ಗಮನ ಬೇರೆಡೆ ಸೆಳೆಯಲೆಂದು ಅರವತ್ತಕ್ಕೂ ಹೆಚ್ಚು ಬಾಂಬರ್ ವಿಮಾನಗಳನ್ನು ಕಳುಹಿಸಿದ್ದರು. ಗುರಿ ಸ್ಪಷ್ಟವಾಗಿ ಕಾಣದಿದ್ದರೆ ಬಾಂಬ್ ಹಾಕಕೂಡದೆಂದು, ಫ್ರೆಂಚ್ ನಾಗರಿಕರ ಸುರಕ್ಷತೆಗಾಗಿ, ಅವರಿಗೆ ಆಜ್ಞೆಯಿತ್ತು. ಅಂದು ಮೋಡ ಕವಿದಿತ್ತು. ವಿಮಾನಗಳು ಸುಮ್ಮನೆ ಸುತ್ತು ಹಾಕುತ್ತ, ಒಂದೊಂದೇ ಬಾಂಬ್ ಬೀಳಿಸುತ್ತ ಇದ್ದುದನ್ನು ಕಂಡು ಜರ್ಮನ್ ವಿಮಾನವಿರೋಧಿ ದಳದ ನಾಯಕ ಕ್ಯಾಪ್ಟನ್ ಮೆಕೆಗೆ ಇದರಲ್ಲಿ ಏನೋ ಮಸಲತ್ತಿದೆ ಎನ್ನಿಸಿತು. ಆಕಾಶ ಬಿಟ್ಟು ಸಮುದ್ರದತ್ತ ನೋಡಿ, ದಂಡೆಗೆ ಪಡೆ ಇಳಿಯಬಹುದು ಎಂದು ಅವನು ಎಚ್ಚರಿಕೆ ಕಳುಹಿಸಿದ. ವೈಮಾನಿಕ ನೆರವು ಹೀಗೆ ನೆರವಿಗಿಂತ ತೊಂದರೆಯನ್ನೇ ಹೆಚ್ಚು ಮಾಡಿತು.

ಮಧ್ಯರಾತ್ರಿ ಕಳೆದು 1 ಗಂಟೆ 22 ನಿಮಿಷಕ್ಕೆ ಎರಡೂ ದಂಡೆಗಳ ಶೋಧದೀಪಗಳು ಒಮ್ಮೆಲೇ ಹೊತ್ತಿಕೊಂಡವು. ಬಾಗಿಲು ಇನ್ನೂ ಎರಡು ಕಿಲೋಮೀಟರಿಗಿಂತ ದೂರವಿತ್ತು. ಕ್ಯಾಂಬೆಲ್‌ಟೌನ್ ಮೇಲೆ ಹಾರುತ್ತಿದ್ದದ್ದು ಜರ್ಮನ್ ಧ್ವಜ. ಎಚ್ಚರಿಕೆಯ ಕೆಲವು ಗುಂಡುಗಳು ಬಂದಾಗ ಗನ್‌ಬೋಟಿನಲ್ಲಿದ್ದ ಸಂಕೇತಗಾರ ಜರ್ಮನ್ ಸಂಕೇತಗಳನ್ನೇ ಬಳಸಿ ದೀಪ ಮಿನುಗಿಸಿದ: ಶತ್ರುವಿನಿಂದ ಹಾನಿಗೊಳಗಾದ ಹಡಗುಗಳಿವೆ, ಬಂದರು ಪ್ರವೇಶಕ್ಕೆ ಅನುಮತಿ ಬೇಕು. ಗುಂಡು ನಿಂತಿತು. ಮತ್ತೆ ಶುರುವಾದಾಗ, ಮಿತ್ರಪಡೆಯೇ ನಮ್ಮ ಮೇಲೆ ಗುಂಡು ಹಾರಿಸುತ್ತಿದೆ ಎಂಬ ಸಂಕೇತ. ಮತ್ತೆ ಒಂದಿಷ್ಟು ಬಿಡುವು. ಈ ನಾಟಕದಿಂದ ಸಿಕ್ಕಿದ್ದು ಕೆಲವೇ ನಿಮಿಷಗಳು. ಆ ವೇಗದಲ್ಲಿ ಆ ಕೆಲವು ನಿಮಿಷಗಳೇ ದಾರಿಯ ದೊಡ್ಡ ಭಾಗ. ಕೊನೆಗೆ ಗುಟ್ಟು ರಟ್ಟಾದಾಗ ಜರ್ಮನ್ ಧ್ವಜ ಇಳಿದು ಬ್ರಿಟಿಷ್ ನೌಕಾಧ್ವಜ ಮೇಲೇರಿತು. ಕಡಲಯುದ್ಧದ ನಿಯಮದಲ್ಲಿ ಸುಳ್ಳು ಧ್ವಜ ಹಾರಿಸುವುದಕ್ಕೆ ಅಡ್ಡಿಯಿಲ್ಲ, ಅದರಡಿ ಗುಂಡು ಹಾರಿಸುವಂತಿಲ್ಲ. ಆದ್ದರಿಂದ ಈ ಕ್ರಮ. ಆಮೇಲೆ ಎಲ್ಲ ಫಿರಂಗಿಗಳೂ ಬಾಯಿಬಿಟ್ಟವು. ಚುಕ್ಕಾಣಿ ಹಿಡಿದಿದ್ದವನು ಸತ್ತು ಬಿದ್ದ, ಅವನ ಜಾಗಕ್ಕೆ ಬಂದವನೂ ಬಿದ್ದ, ಆಗ ಚಕ್ರ ಹಿಡಿದವರು ಟಿಬಿಟ್ಸ್. ಕಣ್ಣು ಕುಕ್ಕುವ ಬೆಳಕಿನಲ್ಲಿ ಬೀಟಿ ದಿಕ್ಕು ಸರಿಪಡಿಸಿಕೊಂಡು ಸುಮಾರು 19 ಗಂಟು (ಗಂಟೆಗೆ ಸುಮಾರು 35 ಕಿಲೋಮೀಟರ್) ವೇಗದಲ್ಲಿ ಹಡಗನ್ನು ಬಾಗಿಲಿಗೆ ನೇರವಾಗಿ ಹೊಡೆಸಿದರು. ಗಂಟೆ 1.34. ಯೋಜನೆಯಲ್ಲಿ ಬರೆದಿದ್ದದ್ದು 1.30. ಮೂತಿಯ ಹತ್ತು ಮೀಟರಿಗೂ ಹೆಚ್ಚು ಭಾಗ ಮುದುಡಿ, ಹಡಗು ಕೈಸನ್ನಿನ ಮೇಲೆ ಹತ್ತಿ ಗಟ್ಟಿಯಾಗಿ ಸಿಕ್ಕಿಕೊಂಡಿತು. ಟಿಬಿಟ್ಸ್ ಲೆಕ್ಕ ಹಾಕಿದ್ದ ಜಾಗಕ್ಕೇ ಮದ್ದು ಬಂದು ನಿಂತಿತ್ತು.

ಹಡಗಿನಿಂದ ಇಳಿದ ಕಮಾಂಡೋ ತಂಡಗಳ ಕೆಲಸದ ರೀತಿಯನ್ನು ತಿಳಿಯಲು ಒಂದು ಪಂಪುಮನೆಯ ಕಥೆ ಸಾಕು. ಡಾಕ್ ಖಾಲಿ ಮಾಡುವ ಪಂಪುಗಳು ನೆಲದಿಂದ ಹನ್ನೆರಡು ಮೀಟರ್ ಕೆಳಗಿದ್ದವು. ಲೆಫ್ಟಿನೆಂಟ್ ಸ್ಟುವರ್ಟ್ ಚಾಂಟ್ ಅವರ ತಂಡ ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾಕಿನಲ್ಲಿ ಇಂತಹುದೇ ಪಂಪುಮನೆಯಲ್ಲಿ, ಕತ್ತಲಲ್ಲೂ ಕೈತಡವಿ ಮಾಡುವಷ್ಟು ಅಭ್ಯಾಸ ಮಾಡಿತ್ತು. ಚಾಂಟ್‌ಗೆ ಹಡಗು ಡಿಕ್ಕಿ ಹೊಡೆಯುವ ಮೊದಲೇ ಕಾಲಿಗೂ ಕೈಗೂ ಗಾಯವಾಗಿತ್ತು. ಬಾಗಿಲು ಒಡೆದು, ಕಬ್ಬಿಣದ ಮೆಟ್ಟಿಲುಗಳ ಮೇಲೆ ಕತ್ತಲಲ್ಲಿ ಕೆಳಗಿಳಿದು, ಪ್ರತಿ ಪಂಪಿಗೂ ಸ್ಫೋಟಕದ ಪೊಟ್ಟಣ ಕಟ್ಟಿ, ಉಳಿದವರನ್ನು ಮೇಲೆ ಕಳುಹಿಸಿ, ಸಾರ್ಜೆಂಟ್ ಒಬ್ಬರನ್ನು ಮಾತ್ರ ಜೊತೆಗಿಟ್ಟುಕೊಂಡು ಬತ್ತಿಗೆ ಚಾಲನೆ ಕೊಟ್ಟರು. ಬತ್ತಿ ಉರಿಯುವುದು ಒಂದೂವರೆ ನಿಮಿಷ. ಗಾಯಗೊಂಡ ಕಾಲಿನಲ್ಲಿ ಅಷ್ಟರೊಳಗೆ ಹನ್ನೆರಡು ಮೀಟರ್ ಮೇಲೇರಬೇಕು. ಏರಿದರು. ಈ ಸ್ಫೋಟಕ ತಂಡಗಳ ಒಬ್ಬೊಬ್ಬನ ಬೆನ್ನಿನ ಮೇಲೂ ನಲವತ್ತು ಕಿಲೋದಷ್ಟು ಮದ್ದಿರುತ್ತಿದ್ದರಿಂದ ಅವರ ಬಳಿ ಆಯುಧವೆಂದರೆ ಪಿಸ್ತೂಲು ಮಾತ್ರ. ಅವರನ್ನು ಕಾಯಲು ಬೇರೆ ಸಣ್ಣ ತಂಡಗಳಿದ್ದವು. ಪಂಪುಮನೆ, ಬಾಗಿಲು ಎಳೆಯುವ ಎರಡೂ ಯಂತ್ರಮನೆಗಳು ಅರ್ಧ ಗಂಟೆಯ ಆಸುಪಾಸಿನಲ್ಲಿ ಹಾಳಾದವು. ಅಂದರೆ ಕ್ಯಾಂಬೆಲ್‌ಟೌನ್ ಒಂದು ವೇಳೆ ಸಿಡಿಯದಿದ್ದರೂ ಡಾಕ್ ತಿಂಗಳುಗಟ್ಟಲೆ ಕೆಲಸಕ್ಕೆ ಬಾರದಂತೆ ಆಗಿತ್ತು.

ದೋಣಿಗಳ ಕಥೆ ಬೇರೆ. ಮೋಟಾರ್ ಲಾಂಚ್‌ಗಳು ಮರದ ಹಲಗೆಯವು. ಅಷ್ಟು ದೂರ ಹೋಗಿಬರಲು ಇಂಧನ ಸಾಲದೆಂದು ಅವುಗಳ ಮೇಲ್ಭಾಗದಲ್ಲಿ ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳನ್ನು ಕೂರಿಸಿದ್ದರು. ಮರ, ಅದರ ಮೇಲೆ ಪೆಟ್ರೋಲ್, ಅದರ ಪಕ್ಕದಲ್ಲಿ ಸ್ಫೋಟಕ ಹೊತ್ತ ಮನುಷ್ಯರು. ಎದುರಿಗೆ ಸ್ವಯಂಚಾಲಿತ ಫಿರಂಗಿಗಳು. ಹೆಚ್ಚು ವಿವರಿಸಬೇಕಿಲ್ಲ. ಹಳೆಯ ಕಟ್ಟೆಯ ಬಳಿ ಇಳಿಯಬೇಕಾಗಿದ್ದ ಆರು ದೋಣಿಗಳಲ್ಲಿ ತನ್ನ ಜನರನ್ನು ಸರಿಯಾಗಿ ಇಳಿಸಿದ್ದು ಒಂದೇ. ಉಳಿದವು ಹೊತ್ತಿ ಉರಿದವು, ಇಲ್ಲವೇ ಇಳಿಸಲಾಗದೆ ಹಿಂತಿರುಗಿದವು. ನದಿಯ ಮೇಲೆ ಹರಡಿದ ಪೆಟ್ರೋಲೇ ಉರಿಯುತ್ತಿದ್ದರಿಂದ ನೀರಿಗೆ ಹಾರಿದವರಿಗೂ ಉಳಿಗಾಲವಿರಲಿಲ್ಲ. ಟಿಬಿಟ್ಸ್ ಕೂಡ ಸತ್ತದ್ದು, ಕ್ಯಾಂಬೆಲ್‌ಟೌನ್‌ನಿಂದ ಜನರನ್ನು ಹತ್ತಿಸಿಕೊಂಡು ಮರಳುತ್ತಿದ್ದ ಇಂತಹ ಒಂದು ಲಾಂಚ್‌ನಲ್ಲಿ. ದಂಡೆಯ ಮೇಲೆ ಉಳಿದ ನೂರರಷ್ಟು ಮಂದಿಗೆ ಮರಳಲು ದೋಣಿಯೇ ಇಲ್ಲವೆಂದು ನ್ಯೂಮನ್‌ಗೆ ತಿಳಿದಾಗ, ಊರಿನೊಳಗಿಂದ ಹಾದು ಸ್ಪೇನಿನ ಕಡೆಗೆ ತಪ್ಪಿಸಿಕೊಳ್ಳಿ, ಮದ್ದುಗುಂಡು ಮುಗಿಯುವವರೆಗೆ ಶರಣಾಗಬೇಡಿ ಎಂದು ಆಜ್ಞೆ ಕೊಟ್ಟರು. ಸೇತುವೆ ದಾಟಿ ಊರಿಗೆ ನುಗ್ಗಿದರೂ ಬಹುತೇಕರು ಬೆಳಗಾಗುವಷ್ಟರಲ್ಲಿ ನೆಲಮಾಳಿಗೆಗಳಲ್ಲಿ ಸೆರೆಯಾದರು. ಐವರು ಮಾತ್ರ ಫ್ರೆಂಚ್ ಜನರ ಸಹಾಯದಿಂದ ಸ್ಪೇನ್ ಮೂಲಕ ಜಿಬ್ರಾಲ್ಟರ್ ತಲುಪಿದರು. ಒಟ್ಟು ಲೆಕ್ಕ: ಸತ್ತವರು 169, ಸೆರೆಯಾದವರು 215, ಇಂಗ್ಲೆಂಡಿಗೆ ಮರಳಿದವರು 228.

ಈಗ ನಿಮ್ಮ ಎರಡನೆಯ ಪ್ರಶ್ನೆ. ಟಿಬಿಟ್ಸ್ ಫ್ಯೂಸ್‌ಗಳನ್ನು ಚಾಲೂ ಮಾಡಿದ್ದು ಡಿಕ್ಕಿಗೆ ಮುಂಚೆ, ರಾತ್ರಿ ಹನ್ನೊಂದರ ಸುಮಾರಿಗೆ. ಎಂಟು ಗಂಟೆಯ ವಿಳಂಬವೆಂದರೆ ಬೆಳಗಿನ ಏಳು. ಏಳು ಕಳೆಯಿತು, ಒಂಬತ್ತೂ ಕಳೆಯಿತು. ಜರ್ಮನ್ನರು ಹಡಗನ್ನು ಹತ್ತಿ ತಪಾಸಣೆ ಮಾಡದೆ ಇರಲಿಲ್ಲ. ಆದರೆ ಅವರು ಏನನ್ನು ಕಂಡಿರಬೇಕೆಂದು ಯೋಚಿಸಿ ನೋಡಿ. ಹಡಗನ್ನು ಸ್ಥಳದಲ್ಲೇ ಮುಳುಗಿಸಲು ಬ್ರಿಟಿಷರು ಹಿಂಭಾಗದಲ್ಲಿ ಸಣ್ಣ ಸ್ಫೋಟಗಳನ್ನು ರಾತ್ರಿಯೇ ಮಾಡಿದ್ದರು. ಪಂಪುಮನೆ, ಯಂತ್ರಮನೆಗಳ ಸ್ಫೋಟಗಳೂ ಆಗಿಹೋಗಿದ್ದವು. ಬಾಗಿಲಿಗೆ ಹಡಗನ್ನು ಸಿಕ್ಕಿಸಿ ಅಡ್ಡಿಮಾಡುವುದೇ ಶತ್ರುವಿನ ಉದ್ದೇಶ, ಅದು ಮುಗಿದ ಅಧ್ಯಾಯ ಎಂದು ಭಾವಿಸಲು ಅವರಿಗೆ ಸಾಕಷ್ಟು ಕಾರಣಗಳಿದ್ದವು. ನಿಜವಾದ ಮದ್ದು ಇದ್ದದ್ದು ಹಡಗಿನದೇ ಗೋಡೆಯೆಂಬಂತೆ ಕಾಣುವ ಉಕ್ಕು ಮತ್ತು ಕಾಂಕ್ರೀಟಿನ ಹಿಂದೆ. ಬೆಳಗಿನ ಹೊತ್ತಿಗೆ ಅಧಿಕಾರಿಗಳೂ ಸೈನಿಕರೂ ಕುತೂಹಲಿಗಳೂ ಹಡಗಿನ ಮೇಲೂ ದಂಡೆಯ ಮೇಲೂ ನೆರೆದಿದ್ದರು. ಇಂತಹ ಬಾಗಿಲನ್ನು ಹಗುರ ಹಡಗಿನಿಂದ ಒಡೆಯಬಹುದೆಂದು ನಿಮ್ಮವರು ಭಾವಿಸಿದ್ದರೇ ಎಂದು ಜರ್ಮನ್ ಅಧಿಕಾರಿಯೊಬ್ಬ ಸೆರೆಯಾಳು ಬೀಟಿಯನ್ನು ಅಣಕಿಸುತ್ತಿದ್ದಾಗಲೇ ಕಿಟಕಿಯ ಗಾಜುಗಳು ಅದುರಿದವು ಎಂಬ ಕಥೆ ಪ್ರಸಿದ್ಧ. ಹೊರಗಿನ ಕೈಸನ್ ಸಿಡಿದುಹೋಗಿ ಸಮುದ್ರ ಒಳಕ್ಕೆ ನುಗ್ಗಿತು. ಡಾಕಿನೊಳಗಿದ್ದ ಎರಡು ಟ್ಯಾಂಕರ್ ಹಡಗುಗಳು ಗೋಡೆಗೆ ಅಪ್ಪಳಿಸಿದವು. ಕ್ಯಾಂಬೆಲ್‌ಟೌನ್‌ನ ಉಳಿದ ಹಿಂಭಾಗ ನೀರಿನ ಸೆಳೆತಕ್ಕೆ ಒಳಗೆ ತೇಲಿಹೋಯಿತು. ನೂರಕ್ಕೂ ಹೆಚ್ಚು ಜರ್ಮನ್ನರು ಸತ್ತರು. ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಬೇಕೆಂದೇ ಜರ್ಮನ್ನರನ್ನು ಹಡಗಿನ ಮೇಲೆ ಹಿಡಿದಿಟ್ಟು ತಾವೂ ಬಲಿಯಾದರೆಂಬ ದಂತಕಥೆ ಇದೆ. ಅದಕ್ಕೆ ಆಧಾರವಿಲ್ಲ, ಅಗತ್ಯವೂ ಇಲ್ಲ. ಮಾರ್ಚ್ ತಿಂಗಳ ತಣ್ಣನೆಯ ಹವೆಯಲ್ಲಿ ನಿಧಾನವಾದ ಫ್ಯೂಸ್ ಈ ತಡಕ್ಕೆ ಸಾಕಾದ ವಿವರಣೆ.

ಇದಾದ ಎರಡು ದಿನಗಳ ಮೇಲೆ, ಮಾರ್ಚ್ 30ರ ಸಂಜೆ, ಟಾರ್ಪಿಡೊ ದೋಣಿ ಆ ರಾತ್ರಿಯೇ ಬಂದರಿನ ಹಳೆಯ ಪ್ರವೇಶದ್ವಾರದಲ್ಲಿ ಬಿಟ್ಟಿದ್ದ ಎರಡು ಕಾಲವಿಳಂಬ ಟಾರ್ಪಿಡೊಗಳು ಒಂದರ ಹಿಂದೊಂದು ಸಿಡಿದವು. ಬೆದರಿದ ಜರ್ಮನ್ ಕಾವಲುಗಾರರು ಓಡಿಹೋಗುತ್ತಿದ್ದ ಫ್ರೆಂಚ್ ಕೆಲಸಗಾರರ ಮೇಲೆ ಗುಂಡು ಹಾರಿಸಿದರು. ಗುಂಡಿನ ಹಾರಾಟ ಊರಿಗೂ ಹಬ್ಬಿತು. ಹದಿನಾರು ಮಂದಿ ಫ್ರೆಂಚರು ಸತ್ತರು. ನೂರಾರು ನಿವಾಸಿಗಳನ್ನು ಹಿಡಿದು ಶಿಬಿರಕ್ಕೆ ಸಾಗಿಸಿದರು. ಬ್ರಿಟಿಷ್ ವೃತ್ತಾಂತಗಳಲ್ಲಿ ಈ ಭಾಗ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ದಾಳಿಯ ಬೆಲೆಯ ಲೆಕ್ಕಕ್ಕೆ ಇದನ್ನೂ ಸೇರಿಸಬೇಕು.

ಟಿರ್ಪಿಟ್ಸ್ ಬರಲೇ ಇಲ್ಲವಲ್ಲ ಎಂಬ ನಿಮ್ಮ ವಾದದಲ್ಲಿ ತಿರುಳಿದೆ. ಹಿಟ್ಲರ್ ಆ ಹೊತ್ತಿಗೆ ನಾರ್ವೆಯ ಮೇಲೆ ಬ್ರಿಟಿಷರು ಇಳಿಯುತ್ತಾರೆಂಬ ಗೀಳಿಗೆ ಬಿದ್ದಿದ್ದ. ಶಾರ್ನ್‌ಹೋರ್ಸ್ಟ್, ಗ್ನೈಸೆನೌ ಎಂಬ ಭಾರೀ ನೌಕೆಗಳನ್ನು 1942ರ ಫೆಬ್ರವರಿಯಲ್ಲೇ ಫ್ರಾನ್ಸಿನ ಬ್ರೆಸ್ಟ್ ಬಂದರಿನಿಂದ ಹೊರಡಿಸಿ ಜರ್ಮನಿಗೆ ಕರೆಸಿಕೊಂಡಿದ್ದ. ಅಂದರೆ ಅವನ ದೊಡ್ಡ ಹಡಗುಗಳು ಅಟ್ಲಾಂಟಿಕ್ಕಿನಿಂದ ಹಿಂದೆ ಸರಿಯುತ್ತಿದ್ದವು. ಸೇಂಟ್ ನಜೇರ್‌ನ ಡಾಕ್ ನಾಶವಾದದ್ದರಿಂದ ಟಿರ್ಪಿಟ್ಸ್‌ನ ಉಪಟಳವೇನೂ ನಿಲ್ಲಲಿಲ್ಲ. ಅದೇ ವರ್ಷ ಜುಲೈನಲ್ಲಿ ಅದು ಹೊರಬರಬಹುದೆಂಬ ಭಯವೊಂದಕ್ಕೇ ರಷ್ಯಾಕ್ಕೆ ಹೊರಟಿದ್ದ ಪಿಕ್ಯೂ-17 ಎಂಬ ಹಡಗುಪಂಕ್ತಿಯನ್ನು ಬ್ರಿಟಿಷರು ಚದುರಿಸಿದರು, ಮಿತ್ರರಾಷ್ಟ್ರಗಳು 24 ಸರಕು ಹಡಗುಗಳನ್ನು ಕಳೆದುಕೊಂಡವು. ಅದು ಕೊನೆಗೆ ಮುಳುಗಿದ್ದು 1944ರ ನವೆಂಬರ್ 12ರಂದು, ನಾರ್ವೆಯ ಟ್ರೊಮ್ಸೊ ಬಳಿ, ಬಾಂಬರ್‌ಗಳ ಕೈಯಲ್ಲಿ. ಆದರೂ ಇದನ್ನೆಲ್ಲ ನಾವು ಈಗ ತಿಳಿದು ಹೇಳುತ್ತಿದ್ದೇವೆ. ದಾಳಿಗೆ ಮೂರು ವಾರ ಮುಂಚೆ ಟಿರ್ಪಿಟ್ಸ್ ಸಮುದ್ರಕ್ಕಿಳಿದು ಇನ್ನೊಂದು ಹಡಗುಪಂಕ್ತಿಯನ್ನು ಬೇಟೆಯಾಡಲು ಹೊರಟಿತ್ತು. ಅದರ ಮೇಲೆ ಬ್ರಿಟಿಷ್ ವಿಮಾನಗಳು ಬಿಟ್ಟ ಟಾರ್ಪಿಡೊಗಳೆಲ್ಲ ತಪ್ಪಿಹೋಗಿದ್ದವು. ಅಂದಿನ ಲಂಡನ್ನಿನಲ್ಲಿ ಕುಳಿತವರಿಗೆ ಅದರ ಮುಂದಿನ ನಡೆ ಅಟ್ಲಾಂಟಿಕ್ ಆಗಿರಲಾರದೆಂದು ಹೇಳುವವರು ಯಾರೂ ಇರಲಿಲ್ಲ. ಡಾಕ್ ಯುದ್ಧ ಮುಗಿಯುವವರೆಗೂ ಮತ್ತೆ ಬಳಕೆಗೆ ಬರಲಿಲ್ಲ. ಒಂದು ದಾರಿಯನ್ನು ಶಾಶ್ವತವಾಗಿ ಮುಚ್ಚಿದ್ದು ಈ ದಾಳಿಯ ಖಚಿತ ಲಾಭ. ಅದಕ್ಕಿಂತ ಹೆಚ್ಚಿನದನ್ನು ಅದರ ಹೆಸರಿಗೆ ಬರೆಯುವುದು ಅತಿಶಯೋಕ್ತಿ. ಅಟ್ಲಾಂಟಿಕ್ ಗೋಡೆ ಎಂಬ ಜರ್ಮನ್ನರ ಕರಾವಳಿ ರಕ್ಷಣಾ ಸಾಲಿನ ನಿರ್ಮಾಣಕ್ಕೆ ಈ ದಾಳಿಯೇ ಕಾರಣವೆಂದು ಹಲವರು ಬರೆಯುತ್ತಾರೆ. ಕರಾವಳಿ ರಕ್ಷಣೆಯ ಬಗ್ಗೆ ಹಿಟ್ಲರನ 40ನೇ ನಿರ್ದೇಶ ಹೊರಬಿದ್ದದ್ದು ಮಾರ್ಚ್ 23ರಂದು, ದಾಳಿಗೆ ಐದು ದಿನ ಮುಂಚೆ. ದಾಳಿ ಅದಕ್ಕೆ ಅವಸರ ತಂದಿರಬಹುದು. ಊರಿನಲ್ಲಿದ್ದ ಜಲಾಂತರ್ಗಾಮಿಗಳ ಕಾಂಕ್ರೀಟ್ ತಂಗುದಾಣಗಳಂತೂ ಅಲುಗಲಿಲ್ಲ.

ಹಾಗಾದರೆ 169 ಜೀವಗಳು? ಕ್ಯಾಂಬೆಲ್‌ಟೌನ್ ಒಂದೇ ಹೋಗಿದ್ದು, ಕರೆತರಲು ಎರಡನೆಯ ಡಿಸ್ಟ್ರಾಯರ್ ಇದ್ದಿದ್ದರೆ ಇದೇ ಫಲ ಇನ್ನೂ ಕಡಿಮೆ ಬೆಲೆಗೆ ಸಿಗುವ ಸಾಧ್ಯತೆಯಿತ್ತು ಎಂಬುದು ನನ್ನ ಅಭಿಪ್ರಾಯ. ಆ ಡಿಸ್ಟ್ರಾಯರ್ ಕೂಡ ಅಲ್ಲೇ ಮುಳುಗಿ ನಷ್ಟ ಇಮ್ಮಡಿಯಾಗುತ್ತಿತ್ತು ಎಂದು ವಾದಿಸುವವರೂ ಇದ್ದಾರೆ. ನೌಕಾ ಇಲಾಖೆಯ ಅಂದಿನ ಭಯವೂ ಅದೇ. ಆದರೆ ಉಕ್ಕಿನ ಹಡಗಿಗೆ ಆ ಗುಂಡಿನ ಮಳೆಯಲ್ಲಿ ಎಷ್ಟು ತಾಳಿಕೆಯಿದೆ ಎಂಬುದನ್ನು ಕ್ಯಾಂಬೆಲ್‌ಟೌನ್ ತಾನೇ ತೋರಿಸಿಕೊಟ್ಟಿತ್ತು, ಮರದ ದೋಣಿಗಳ ಗತಿ ಏನೆಂಬುದನ್ನು ಲಾಂಚ್‌ಗಳು ತೋರಿಸಿದವು.

ಕೊನೆಯದಾಗಿ ಪದಕಗಳು. ಈ ದಾಳಿಗೆ ಒಟ್ಟು 89 ಗೌರವಗಳು ಸಂದವು. ಐದು ವಿಕ್ಟೋರಿಯಾ ಕ್ರಾಸ್‌ಗಳು ರೈಡರ್, ಬೀಟಿ, ನ್ಯೂಮನ್, ಗನ್‌ಬೋಟಿನ ತೆರೆದ ಫಿರಂಗಿಯ ಬಳಿ ಕೊನೆಯವರೆಗೂ ನಿಂತು ಸತ್ತ ನಾವಿಕ ವಿಲಿಯಂ ಸ್ಯಾವೇಜ್ ಮತ್ತು ಸಾರ್ಜೆಂಟ್ ಥಾಮಸ್ ಡರಂಟ್ ಅವರಿಗೆ. ಅತಿಯಾಯಿತೇ ಎಂಬ ಪ್ರಶ್ನೆಗೆ ಡರಂಟ್ ಪ್ರಕರಣವನ್ನು ನೋಡಿದರೆ ಸಾಕು. ಅವರಿದ್ದ ಲಾಂಚ್ ಅಳಿವೆಯಿಂದ ಹೊರಬಂದ ಮೇಲೆ, ನಸುಕಿನಲ್ಲಿ, ಹುಡುಕಾಟದಿಂದ ಮರಳುತ್ತಿದ್ದ ಯಾಗ್ವಾರ್ ಎಂಬ ಜರ್ಮನ್ ಟಾರ್ಪಿಡೊ ನೌಕೆಗೆ ಎದುರಾಯಿತು. ಶರಣಾಗಲು ಕರೆ ಬಂದರೂ, ಮೈತುಂಬ ಗಾಯಗಳಾಗಿದ್ದರೂ, ಡರಂಟ್ ಲೂಯಿಸ್ ಎಂಬ ಮೆಷಿನ್ ಗನ್ನನ್ನು ಬಿಡದೆ ಗುಂಡು ಹಾರಿಸುತ್ತಲೇ ಇದ್ದರು. ಕೆಲ ದಿನಗಳ ನಂತರ ಆ ಜರ್ಮನ್ ನೌಕೆಯ ಕಪ್ತಾನನೇ ಸೆರೆಶಿಬಿರಕ್ಕೆ ಬಂದು, ಈತನಿಗೆ ದೊಡ್ಡ ಗೌರವ ಸಲ್ಲಬೇಕೆಂದು ನ್ಯೂಮನ್‌ಗೆ ಹೇಳಿದ. ನ್ಯೂಮನ್ ಯುದ್ಧದ ಕೊನೆಯವರೆಗೂ ಸೆರೆಯಲ್ಲಿದ್ದುದರಿಂದ ಡರಂಟ್ ಅವರ ಪದಕ ಪ್ರಕಟವಾದದ್ದು 1945ರ ಜೂನ್‌ನಲ್ಲಿ. ನೌಕಾ ಕಾಳಗದಲ್ಲಿ ಹೋರಾಡಿದ ಭೂಸೇನೆಯ ಸೈನಿಕನಿಗೆ, ಶತ್ರುವಿನ ಅಧಿಕಾರಿಯ ಮಾತಿನ ಮೇಲೆ ಹೀಗೆ ವಿಕ್ಟೋರಿಯಾ ಕ್ರಾಸ್ ಸಂದದ್ದು ಆ ಪದಕದ ಇತಿಹಾಸದಲ್ಲೇ ಅಪರೂಪ.